ಬಚ್ಚಲಿನ ಚಿಲಕ

ನಮ್ಮ ಮನೆಯ ಬಚ್ಚಲು ನಡುಮನೆಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ನೀರು ಒಳಗೆ ನುಗ್ಗಬಾರದು ಅಂತ ಮಾವನವರು ಮನೆ ಕಟ್ಟಿಸುವಾಗಲೇ ಹಾಗೆ ಮಾಡಿಸಿದ್ದರಂತೆ. ನೆಲಕ್ಕೆ ಕಡಪಾ ಕಲ್ಲು. ವರ್ಷಗಟ್ಟಲೆ ಸೀಗೆಪುಡಿ, ಎಣ್ಣೆ, ಸೋಪಿನ ನೀರು ಕುಡಿದು ಆ ಕಲ್ಲು ಎಮ್ಮೆಯ ಬೆನ್ನಿನ ಹಾಗೆ ಕಪ್ಪಗೆ, ನುಣ್ಣಗೆ ಆಗಿತ್ತು. ಕೊಂಡಜ್ಜಿಯಿಂದ ದಾವಣಗೆರೆಯ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೇ ಅದರ ಮೇಲೆ ಜಾರಿ ಕೂತಿದ್ದೆ. ಸದ್ದಿಗೆ ಓಡಿಬಂದ ಅತ್ತೆ, ಪೆಟ್ಟಾಗಿಲ್ಲ ಅಂತ ಬಾಗಿಲ ಹೊರಗಿನಿಂದಲೇ ಕೇಳಿ ಖಾತ್ರಿ ಮಾಡಿಕೊಂಡು, ಆಮೇಲೆ ನಕ್ಕಿದ್ದರು.

“ಕೆರೆ ಊರಿನಾಕಿಗೆ ನಮ್ಮ ಬಚ್ಚಲ ನೀರು ಆಗಿಬರಲಿಲ್ಲ ನೋಡು!”

ಅವರು ಮಾತ್ರ ಅಲ್ಲಿ ಒಂದು ದಿನವೂ ಜಾರಿರಲಿಲ್ಲ. ಎದ್ದ ಕೂಡಲೇ ಅವರ ಕೆಲಸ ಸ್ನಾನ. ಬಾಗಿಲು ಹಾಕಿ ಚಿಲಕ ಜಗ್ಗಿದ ಸದ್ದು ಅಡುಗೆಮನೆಯಲ್ಲಿ ನನಗೆ ಕೇಳುತ್ತಿತ್ತು. ಆಮೇಲೆ ಚೊಂಬಿನ ಸದ್ದು, ನೀರಿನ ಸದ್ದು. ಬೇರೆ ಮನೆಗಳಲ್ಲಿ ಅತ್ತೆಯರು ಎಣ್ಣೆ ಹಚ್ಚಿಕೊಂಡ ದಿನ ಬೆನ್ನು ತಿಕ್ಕಲು ಸೊಸೆಯನ್ನು ಕರೆಯುತ್ತಾರೆ. ನಮ್ಮತ್ತೆ ಕರೆಯುತ್ತಿರಲಿಲ್ಲ. ಒರಟು ಬಟ್ಟೆಯ ಉದ್ದ ಪಟ್ಟಿಯೊಂದನ್ನು ಬೆನ್ನ ಹಿಂದೆ ಹಾಕಿಕೊಂಡು, ಎರಡೂ ತುದಿ ಹಿಡಿದು, ಗರಗಸ ಎಳೆದಂತೆ ತಾವೇ ಎಳೆದುಕೊಳ್ಳುತ್ತಿದ್ದರು. ಆ ಪಟ್ಟಿ ಒಣಹಾಕಿದ್ದನ್ನು ನೋಡಿಯೇ ಇವತ್ತು ಎಣ್ಣೆ ಸ್ನಾನ ಆಯಿತೆಂದು ನನಗೆ ತಿಳಿಯುತ್ತಿತ್ತು. ಅವರ ಜೊತೆ ಒಂದೇ ಸೂರಿನಡಿ ಅಷ್ಟು ವರ್ಷ ಇದ್ದೂ ಅವರ ಬೆನ್ನನ್ನು ನಾನು ನೋಡಿರಲಿಲ್ಲ.

ಸ್ನಾನ ಆದಮೇಲೆ ಮಡಿಸೀರೆ. ನಡುಮನೆಯ ಸೂರಿಗೆ ಹಗ್ಗ ಕಟ್ಟಿ ಒಂದು ಬಿದಿರಿನ ಗಳ ತೂಗುಬಿಟ್ಟಿತ್ತು. ಹಿಂದಿನ ದಿನ ತಾವೇ ಒಗೆದ ಸೀರೆಯನ್ನು ಕೋಲಿನಿಂದ ಎತ್ತಿ ಆ ಗಳದ ಮೇಲೆ ಹರವುತ್ತಿದ್ದರು, ಬೆಳಿಗ್ಗೆ ಕೋಲಿನಿಂದಲೇ ಇಳಿಸಿಕೊಳ್ಳುತ್ತಿದ್ದರು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮಡಿ ಹೋಯಿತು, ಮತ್ತೆ ಒಗೆಯಬೇಕು. ಅದನ್ನುಟ್ಟು, ದೇವರ ಕೋಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೊರಳಿನ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಪೂಜೆ ಮಾಡಬೇಕು. ಅಲ್ಲಿಯವರೆಗೆ ಬಾಯಿಗೆ ಒಂದು ಹನಿ ನೀರೂ ಹಾಕುವವರಲ್ಲ. ಜ್ವರ ಬಂದಾಗಲೂ ಅಷ್ಟೇ.

ವಯಸ್ಸು ಎಂಬತ್ತರ ಹತ್ತಿರ ಬಂದಾಗ ಮೊದಲು ಕೆಟ್ಟದ್ದು ಕುತ್ತಿಗೆ. ತಲೆಯೆತ್ತಿ ಗಳ ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ಊಟಕ್ಕೆ ಬಡಿಸುವಾಗ ಅವರ ಮೊಣಕೈ ಕಂಡಿತು, ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೇಳಿದೆ.

“ಕಲ್ಲಿಗೆ ತಾಗ್ತು,” ಅಂದು ಸೆರಗು ಎಳೆದುಕೊಂಡರು.

“ಎಲ್ಲಿ ಕಲ್ಲಿಗ್ರೀ ಅತ್ತಿ?”

“ಊರಾಗ ಕಲ್ಲಿಗೇನ್ ಬರ ಐತಾ? ಸಾರು ಹಾಕು.”

ನಮ್ಮವರಿಗೆ ಹೇಳಿದೆ. ಅವರು ಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟವರು. ಒಳ್ಳೆಯ ಮಾತಿನಿಂದಲೇ ಶುರುಮಾಡಿದರು. ಬಚ್ಚಲು ಎತ್ತರಿಸೋಣ, ಒರಟು ಟೈಲ್ಸ್ ಹಾಕಿಸೋಣ, ಹಿಡಿದುಕೊಳ್ಳಲು ಗೋಡೆಗೆ ರಾಡು ಹಾಕಿಸೋಣ ಅಂದರು. ಅತ್ತೆ ಅವರೆಕಾಳು ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ.

“ನಾ ಹೋದ ಮ್ಯಾಲೆ ನಿಮಗ ಬೇಕಾದಂಗೆ ಕೆಡವ್ಕಳ್ರಿ. ನಿಮ್ಮಪ್ಪ ನಿಂತು ಹಾಕ್ಸಿದ ಕಲ್ಲು ಅವು.”

ಮಾತು ಅಲ್ಲಿಗೆ ನಿಂತಿತು. ಮತ್ತೆ ಮುಂದುವರಿದದ್ದು ಹರಿಹರಕ್ಕೆ ಹೋಗಿಬಂದ ಮೇಲೆ.

ಹರಿಹರದಲ್ಲಿ ಅತ್ತೆಯ ತಂಗಿ ಇದ್ದರು. ಅಲ್ಲಿಯೇ ಕೊಟ್ಟದ್ದು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆ. ಚಿಕ್ಕತ್ತೆ ಹಿತ್ತಲ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡು ಮಲಗಿದಲ್ಲೇ ಆಗಿದ್ದರು. ನೋಡಿ ಬರೋಣ ಅಂತ ಅತ್ತೆಯೂ ನಾನೂ ಬಸ್ಸಿನಲ್ಲಿ ಹೋದೆವು. ಕಿತ್ತಳೆ ಹಣ್ಣು, ಬ್ರೆಡ್ಡು, ಮನೆಯಲ್ಲಿ ಮಾಡಿದ ಚಟ್ನಿಪುಡಿ ಚೀಲದಲ್ಲಿದ್ದವು. ನಾವು ಹೋಗುವ ಹೊತ್ತಿಗೆ ಪಡಸಾಲೆಯ ಮಂಚದ ಮೇಲೆ ಚಿಕ್ಕತ್ತೆಗೆ ಮೈ ಒರೆಸುತ್ತಿದ್ದರು. ಭಾನುವಳ್ಳಿಯಿಂದ ದಿನಾ ಬಸ್ಸಿಗೆ ಬರುವ ಒಬ್ಬಾಕೆಯನ್ನು ಅದಕ್ಕೆಂದೇ ಇಟ್ಟುಕೊಂಡಿದ್ದರು. ಮಂಚಕ್ಕೆ ಪರದೆ ಇತ್ತು. ಆದರೆ ಫ್ಯಾನಿನ ಗಾಳಿಗೆ ಅದು ಹೋಗಿ ಬಂದು ಮಾಡುತ್ತಿತ್ತು. ಆಕೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರಿಗೋ ಭತ್ತದ ನೀರಿನ ವಿಷಯ ಹೇಳುತ್ತ, ಚಿಕ್ಕತ್ತೆಯನ್ನು ಒಂದು ಮಗ್ಗುಲಿಗೆ ಉರುಳಿಸಿ ಬೆನ್ನು ಒರೆಸುತ್ತಿದ್ದಳು. ಕೆಟ್ಟವಳಲ್ಲ. ಕೈ ಹಗುರವಾಗಿಯೇ ಇತ್ತು. ಅಳಿಯನೊಬ್ಬ ಗಾಡಿಯ ಬೀಗದಕೈ ಹುಡುಕುತ್ತ ಆ ಕಡೆ ಬಂದು, ನಮ್ಮನ್ನು ಕಂಡು, “ಯಾವಾಗ ಬಂದ್ರಿ, ಕೂಡ್ರಿ ಕೂಡ್ರಿ,” ಅಂದು ಪರದೆಯ ಪಕ್ಕದಿಂದಲೇ ಹಾದುಹೋದ. ಚಿಕ್ಕತ್ತೆ ಗೋಡೆಯ ಕಡೆ ಮುಖ ಮಾಡಿದ್ದರು. ಕಣ್ಣು ತೆರೆದೇ ಇತ್ತು.

ಆಕೆ ಸೀರೆ ಸುತ್ತಿ, ದಿಂಬು ಕೊಟ್ಟು ಕೂರಿಸಿದ ಮೇಲೆ ಅಕ್ಕತಂಗಿಯರು ಕೈ ಹಿಡಿದುಕೊಂಡು ಕೂತರು.

“ಲಿಂಗಪೂಜೆ?” ಅತ್ತೆ ಮೆಲ್ಲಗೆ ಕೇಳಿದರು.

“ಯಾವ ಮೈಯಿಂದ ಮಾಡ್ಲಿ ಅಕ್ಕ? ಈ ಮೈ ನಂದಲ್ಲ. ಯಾರ್ ಬೇಕಾದ್ರೂ ಬಂದು ತೊಳದು ಇಟ್ಟೋಗ್ತಾರೆ, ಪಾತ್ರೆ ತೊಳದಂಗೆ.” ಚಿಕ್ಕತ್ತೆ ಅಳಲಿಲ್ಲ. ಚೀಲದ ಕಡೆ ನೋಡಿ, “ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕೀರಾ?” ಅಂತ ನನ್ನನ್ನು ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದರು. ಯಾವಾಗಲೂ ಹೊಳೆಯ ಕಡೆ ತಿರುಗಿ ಕೈ ಮುಗಿಯುವವರು ಅವತ್ತು ಮುಗಿಯಲಿಲ್ಲ. ದಾವಣಗೆರೆ ಹತ್ತಿರ ಬಂದಾಗ, ನನ್ನ ಕಡೆ ತಿರುಗದೆ, ಮುಂದಿನ ಸೀಟಿಗೆ ಹೇಳಿದ ಹಾಗೆ ಹೇಳಿದರು.

“ಅದೇನ್ ಮಾಡ್ಸಬೇಕು ಅಂತಿದ್ರಲ್ಲ, ಮಾಡ್ಸಿಬಿಡ್ರಿ. ಎಷ್ಟು ದಿನ ಇರ್ತೀನೋ ನಂಗೊತ್ತಿಲ್ಲ. ಇರೋತನ ನನ್ನ ಜಳಕ ನಾನೇ ಮಾಡ್ಕಬೇಕು. ಅಷ್ಟಾಗಂಗೆ ಮಾಡ್ಸಿ.”

ಅದಕ್ಕಿಂತ ಮೊದಲು ಅವರು ನನ್ನನ್ನು ಏನೂ ಬೇಡಿದವರಲ್ಲ.

ಅತ್ತೆಯ ಮಂಡಿ ನೋಡುತ್ತಿದ್ದ ಡಾಕ್ಟರನ್ನೇ ನಮ್ಮವರು ಕೇಳಿಕೊಂಡು ಬಂದರು. ಬಚ್ಚಲೂ ನಡುಮನೆಯೂ ಒಂದೇ ಮಟ್ಟಕ್ಕೆ ಬರಬೇಕು. ಬಾಗಿಲು ಹೊರಗೆ ತೆರೆಯಬೇಕು, ಒಳಗೆ ಬಿದ್ದರೆ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ನೀರು ಹಾಕಿಕೊಳ್ಳುವ ಕಡೆ ಒಂದು ರಾಡು, ಬಾಗಿಲ ಪಕ್ಕ ಒಂದು, ಅವರ ಕೋಣೆಯಿಂದ ಬಚ್ಚಲಿನವರೆಗೆ ನಡುಮನೆಯ ಗೋಡೆಯುದ್ದಕ್ಕೂ ಒಂದು. ತಲೆಯೆತ್ತಿ ಮಾಡುವ ಕೆಲಸ ಯಾವುದೂ ಬೇಡ, ಆ ಗಳ ಮೊದಲು ತೆಗೆಸಿ. ಮತ್ತೆ ಒಳಗಿನಿಂದ ಚಿಲಕ ಇರಕೂಡದು.

ಗೌಂಡಿ ಬಂದ. ಕಡಪಾ ಕಲ್ಲು ಎದ್ದವು. ಹಿತ್ತಲ ಕಡೆ ಇನ್ನೊಂದು ಬಚ್ಚಲಿತ್ತು, ಆದರೆ ಅದಕ್ಕೆ ಮೆಟ್ಟಿಲು; ಹಾಗಾಗಿ ಅಷ್ಟು ದಿನ ಹಿತ್ತಲಲ್ಲಿ ತಾಡಪಾಲು ಕಟ್ಟಿ ಅತ್ತೆಗೆ ಸ್ನಾನದ ಮರೆ ಮಾಡಿದ್ದೆವು. ಅತ್ತೆ ಅದರೊಳಗೆ ತಮ್ಮ ಹಳೆಯ ಸೀರೆಗಳನ್ನು ಇನ್ನೊಂದು ಸುತ್ತು ಕಟ್ಟಿಕೊಂಡರು. ನೀರು ಹೋಗುವ ಇಳಿಜಾರಿಗೆ ಗೌಂಡಿಗಳು ವಾಟ ಅನ್ನುತ್ತಾರೆ. ಮೊದಲ ಸಲ ವಾಟ ತಪ್ಪಿ, ಸುರಿದ ನೀರೆಲ್ಲ ಮೋರಿ ಬಿಟ್ಟು ದೇವರ ಕೋಣೆಯ ಕಡೆ ಹೊರಟಿತು.

“ಶಿವನಿಗೆ ಅಭಿಷೇಕ ಮಾಡ್ಸಾಕೆ ಹೊಂಟೀಯೇನಪ್ಪ?” ಅಂದರು ಅತ್ತೆ.

ಅವನು ನಾಚಿಕೊಂಡು ಎಲ್ಲ ಕಿತ್ತು ಮತ್ತೆ ಮಾಡಿದ. ರಾಡು ಕೂರಿಸಿದ ದಿನ ಆ ನಾಚಿಕೆ ಬಿಟ್ಟು, ನಡುಮನೆಯ ರಾಡಿಗೆ ಜೋತುಬಿದ್ದು ತೋರಿಸಿದ.

“ಆನೆ ಕಟ್ರಿ ಅಮ್ಮ ಬೇಕಾದ್ರೆ. ಅಲ್ಲಾಡಿದ್ರೆ ನನ್ನ ಕೇಳ್ರಿ.”

“ಎಲ್ಲಿಂದ ತರಾದಪ್ಪ ಆನೆನಾ?” ಅತ್ತೆ ನನ್ನ ಕಡೆ ನೋಡಿದರು. “ಇರ್ಲಿ ಬಿಡು. ಸೊಸೆ ಅದಾಳೆ.”

ಎಲ್ಲರೂ ನಕ್ಕೆವು. ಮನೆಯಲ್ಲಿ ಹಾಗೆ ನಕ್ಕಿದ್ದು ಅದೇ ಕೊನೆ ಇರಬೇಕು.

ಹೊಸ ಬಚ್ಚಲಲ್ಲಿ ಮೊದಲ ಸ್ನಾನಕ್ಕೆ ಹೋದವರು ಹಾಗೇ ಹೊರಗೆ ಬಂದು ಮಂಚದ ಮೇಲೆ ಕೂತರು. ಯಾಕೆ ಅಂದೆ.

“ಬಾಗ್ಲಿಗೆ ಚಿಲಕ ಇಲ್ಲ.”

“ಡಾಕ್ಟ್ರು ಬ್ಯಾಡ ಅಂದಾರವ್ವ,” ನಮ್ಮವರು ಅಂಗಡಿಗೆ ಹೊರಟವರು ನಿಂತರು. “ಒಳಗೇನಾದ್ರೂ ಆದ್ರೆ ನಾವು ಹೆಂಗೆ ಬರಾದು? ಯಾರೂ ಬರಲ್ಲ ತಗಾ. ಮನ್ಯಾಗ ಇರೋರು ಯಾರು? ನಾನು, ಇವಳು.”

“ಚಿಲಕ ಇಲ್ದ ಬಚ್ಚಲಕ್ಕೂ ನಿಮ್ಮ ಚಿಗವ್ವನ ಮಂಚಕ್ಕೂ ಏನಪ್ಪ ಫರಕು?”

ಸ್ನಾನ ಇಲ್ಲ ಅಂದರೆ ಪೂಜೆ ಇಲ್ಲ, ಪೂಜೆ ಇಲ್ಲ ಅಂದರೆ ನೀರಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಒಣಗಿ ಬಿಳಿ ಕಟ್ಟಿತು. ಜಪ ಮಾಡುತ್ತ ಕೂತೇ ಇದ್ದರು. ಊಟಕ್ಕೆ ಬಂದ ನಮ್ಮವರು ಇದನ್ನು ನೋಡಿ, ಚಪ್ಪಲಿ ಬಿಚ್ಚದೆ ತಿರುಗಿ ಪೇಟೆಗೆ ಹೋಗಿ ಒಂದು ಸಣ್ಣ ಚಿಲಕ ತಂದು ತಾವೇ ಸ್ಕ್ರೂ ತಿರುಗಿಸಿ ಕೂರಿಸಿದರು. ಅತ್ತೆ ಒಳಗೆ ಹೋದರು. ಚಿಲಕ ಜಗ್ಗಿದ ಸದ್ದು ಬಂತು. ಆಮೇಲೆ ನಾವಿಬ್ಬರೂ ಊಟಕ್ಕೆ ಕೂತೆವು.

ಗಳವನ್ನೂ ಇಳಿಸಿದ್ದಾಯಿತು. ಮಡಿಸೀರೆಗೆ ಅಂತ ಅಂಗಳದಲ್ಲಿ ಒಂದು ಬಟ್ಟೆ ಸ್ಟ್ಯಾಂಡು ತಂದಿಟ್ಟೆ. ಅದಕ್ಕೆ ನಮ್ಮ ಟವೆಲುಗಳು ಗಾಳಿಗೆ ಹಾರಿ ತಾಗಿದವು, ಕೆಲಸದಾಕೆ ಕಸ ಗುಡಿಸುವಾಗ ಎತ್ತಿ ಸರಿಸಿದಳು. ಎರಡು ಸಲ ಸೀರೆ ಮತ್ತೆ ನೀರು ಕಂಡಿತು. ಅದಾದ ಮಾರನೆಯ ದಿನ ನೋಡುತ್ತೇನೆ, ಮಡಿಸೀರೆ ಬಚ್ಚಲಿನ ರಾಡಿನ ಮೇಲಿತ್ತು. ನೀರು ಹಾಕಿಕೊಳ್ಳುವ ಕಡೆ ಹಿಡಿಯಲೆಂದು ಹಾಕಿಸಿದ ರಾಡಿನ ಮೇಲೆ, ನೀಟಾಗಿ, ಅಂಚು ಕೂಡಿಸಿ ಹರವಿದ್ದರು. ನಾವು ಉಳಿದವರು ಹಿತ್ತಲ ಕಡೆಯ ಬಚ್ಚಲು ಬಳಸುತ್ತಿದ್ದೆವು. ಹಾಗಾಗಿ ಮನೆಯಲ್ಲಿ ಯಾರ ಕೈಯೂ ತಾಗದ ಜಾಗ ಅಂದರೆ ಈಗ ಅದೊಂದೇ.

“ಅತ್ತಿ, ಅದು ಹಿಡ್ಕಳಾಕೆ ಹಾಕ್ಸಿದ್ದು ರೀ.”

“ಹಿಡ್ಕಂತೀನಲ್ಲ. ಸೀರೆ ಮ್ಯಾಲಿಂದ ಹಿಡ್ಕಂತೀನಿ. ಕಬ್ಬಣ ತಣ್ಣಗೆ ಕೊರಿಯಾದೂ ತಪ್ತು.”

“ಸೀರೆ ಜಾರ್ತದೆ.”

“ಆನೆ ಕಟ್ಟಿದ್ರೂ ಅಲ್ಲಾಡಲ್ಲ ಅಂದ್ನಲ್ಲ ಅವನು, ಸೀರೆಗೇನ್ ಭಾರ? ನೀನೇನ್ ತಗದುಗಿದು ಹಾಕಿಯಾ ಮತ್ತೆ.”

ತೆಗೆದು ಹಾಕುವ ಹಾಗೂ ಇರಲಿಲ್ಲ. ಮಡಿಸೀರೆ ಮುಟ್ಟುವವರು ಯಾರು? ನಮ್ಮವರಿಗೆ ಹೇಳಿದರೆ ಅವರು ಬಾಗಿಲಲ್ಲಿ ನಿಂತು ನೋಡಿ ಬಂದು, “ಅವ್ವಗೆ ಹೇಳು,” ಅಂದರು. ಅವ್ವಗೆ ಹೇಳಿಯಾಗಿತ್ತು. ನಡುಮನೆಯಲ್ಲಿ ಇನ್ನೊಂದು ಹಗ್ಗ, ಕೈಗೆಟಕುವ ಎತ್ತರದಲ್ಲಿ, ಅವರೊಬ್ಬರಿಗೇ ಅಂತ ಕಟ್ಟೋಣ ಎಂದುಕೊಂಡೆವು. ಹಗ್ಗ ತಂದು ಗೂಡಿನಲ್ಲಿ ಇಟ್ಟದ್ದೂ ಆಗಿತ್ತು.

ಬಿದ್ದ ದಿನ ನಾನು ರೊಟ್ಟಿ ತಟ್ಟುತ್ತಿದ್ದೆ. ಮೊದಲು ಚೊಂಬು ಉರುಳಿದ ಸದ್ದು. ಆಮೇಲೆ ಇನ್ನೊಂದು ಸದ್ದು, ಕಾಳಿನ ಚೀಲವನ್ನು ಹೆಗಲಿಂದ ಕೆಳಗೆ ಬಿಟ್ಟ ಹಾಗೆ. ಹಿಟ್ಟಿನ ಕೈಯಲ್ಲೇ ಓಡಿದೆ. ಬಾಗಿಲು ಎಳೆದರೆ ಚಿಲಕ ಹಾಕಿತ್ತು.

“ಅತ್ತಿ! ಅತ್ತಿ, ಏನಾತ್ರೀ?”

ಒಳಗೆ ನೀರು ಸುರಿಯುತ್ತಿತ್ತು. ನಮ್ಮವರು ಅರ್ಧ ಅಂಗಿ ತೊಟ್ಟುಕೊಂಡು ಬಂದು ಬಾಗಿಲಿನ ಹಿಡಿಕೆಗೆ ಕೈ ಹಾಕಿದರು. ಆಗ ಅತ್ತೆಯ ದನಿ ಬಂತು, ನೆಲದ ಮಟ್ಟದಿಂದ.

“ಬರಬ್ಯಾಡ್ರಿ.”

“ಅವ್ವಾ, ಬಿದ್ದೀಯೇನು? ಚಿಲಕ ಎಟುಕ್ತದಾ?”

“ತಮ್ಮಾ, ನೀ ಬರಬ್ಯಾಡ. ನಿಂತ್ಕ ಅಲ್ಲೇ. ಮೈಮ್ಯಾಲೆ ಏನೂ ಇಲ್ಲ.”

ನಮ್ಮವರು ಹಿಡಿಕೆ ಹಿಡಿದೇ ನಿಂತರು. ಒಳಗೆ ಏನೋ ನೆಲಕ್ಕೆ ಉಜ್ಜಿ ಎಳೆದಂತೆ ಸದ್ದು, ನಡುನಡುವೆ ಹಲ್ಲುಕಚ್ಚಿ ಉಸಿರೆಳೆದ ಸದ್ದು. ನಾನು ಕರೆದೆ, ಮತ್ತೆ ಕರೆದೆ. “ತಡಿ,” ಅಂದರು. “ತಡಿ ಹುಡ್ಗಿ.” ಐವತ್ತು ದಾಟಿದ ನನ್ನನ್ನು ಅವರು ಕೊನೆಯವರೆಗೂ ಹುಡ್ಗಿ ಅಂತಲೇ ಕರೆದರು. ಎಷ್ಟು ಹೊತ್ತಾಯಿತೋ ಹೇಳಲಾರೆ. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ನಡುಮನೆಗೆ ಬಂದಿತ್ತು.

“ಈಗ ಬರ್ರಿ,” ಅಂದರು.

ನಮ್ಮವರು ಗೋಡೆಗೆ ಒಂದು ಕಾಲು ಕೊಟ್ಟು ಬಾಗಿಲನ್ನು ಜಗ್ಗಿದರು. ತಾವೇ ಕೂರಿಸಿದ ಚಿಲಕ ಸ್ಕ್ರೂ ಸಮೇತ ಕಿತ್ತುಬಂತು. ಅತ್ತೆ ಹೊಸ ಟೈಲ್ಸಿನ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ನೋಡಬಾರದ ಕಡೆಗೆ ತಿರುಗಿತ್ತು. ಮೈಮೇಲೆ ಮಡಿಸೀರೆ, ಕೊರಳಿಂದ ಹಿಮ್ಮಡಿಯವರೆಗೆ. ರಾಡು ಅಂತ ಹಿಡಿದದ್ದು ಸೀರೆಯನ್ನು. ನುಣ್ಣನೆಯ ಸ್ಟೀಲಿನ ಮೇಲಿಂದ ಅದು ಅವರ ಜೊತೆಯಲ್ಲೇ ಜಾರಿ ಬಂದಿತ್ತು. ಅದೇ ಸೀರೆಯನ್ನು ಆ ಮುರಿದ ಮೂಳೆ ಇಟ್ಟುಕೊಂಡು ಎಳೆದೆಳೆದು ಹೊದ್ದುಕೊಂಡಿದ್ದರು. ನಾನು ಬಗ್ಗಿ ತಲೆ ಎತ್ತಿ ಹಿಡಿದೆ. ನನ್ನ ಕೈಯ ಹಿಟ್ಟು ಅವರ ಒದ್ದೆ ಕೂದಲಿಗೆ ಮೆತ್ತಿತು.

“ಮಡಿ ಹೋತು,” ಅಂದರು.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಪರೇಷನ್ ಮಾಡಿ ಒಳಗೆ ಸ್ಟೀಲು ಹಾಕಿದರು. ಮನೆಗೆ ಬಿಡುವಾಗ ಡಾಕ್ಟರು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು: ನೆಲದ ಮೇಲೆ ಕೂರುವ ಹಾಗಿಲ್ಲ, ಕಾಲು ಮಡಚುವ ಹಾಗಿಲ್ಲ, ಚಕ್ಕಳಮಕ್ಕಳವಂತೂ ಇನ್ನು ಈ ಜನ್ಮಕ್ಕೆ ಬೇಡ. ಅತ್ತೆ ಕೇಳಿಸಿಕೊಂಡರು. ಮನೆಗೆ ಬಂದ ಮೇಲೆ ವಾಕರ್ ಹಿಡಿಸಿ ನಿಲ್ಲಿಸಿದರೆ ನಿಲ್ಲುತ್ತಿದ್ದರು, ಹೆಜ್ಜೆ ಮಾತ್ರ ಬರಲಿಲ್ಲ. ನಡುಮನೆಯ ಗೋಡೆಯುದ್ದದ ರಾಡು ಹೊಳೆಯುತ್ತ ಹಾಗೇ ಇತ್ತು. ಗಾಲಿಕುರ್ಚಿಯಲ್ಲಿ ಅದರ ಪಕ್ಕದಿಂದಲೇ ಅವರನ್ನು ಬಚ್ಚಲಿಗೆ ತಳ್ಳಿಕೊಂಡು ಹೋಗುತ್ತಿದ್ದೆ.

ಮೊದಲ ದಿನ ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದಾಗ ಅವರು ಕೇಳಿದರು.

“ನಿನ್ನ ಜಳಕ ಆಗೇತಾ?”

“ಆಗೇತ್ರೀ. ಮಡಿನೂ ಉಟ್ಟೀನಿ.”

“ಹಂಗಾರೆ ಮಾಡ್ಸು.”

ಕಣ್ಣು ಮುಚ್ಚಿದರು. ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡರು. ಅವರ ಬೆನ್ನು ನಾನು ನೋಡಿದ್ದು ಆವಾಗಲೇ. ಮುಖದಷ್ಟು ಮುದಿಯಾಗಿರಲಿಲ್ಲ, ಬೆಳ್ಳಗಿತ್ತು, ಒಂದು ಕಡೆ ಮಚ್ಚೆ ಇತ್ತು. ನಾನು ಸೋಪು ಹಚ್ಚಿದೆ. ಬೆಂದುಹೋದವರ ಮೈ ಮುಟ್ಟುವ ಹಾಗೆ ಮುಟ್ಟಿದ್ದಿರಬೇಕು. ಕಣ್ಣು ತೆರೆಯದೆಯೇ ಅಂದರು, “ಗಟ್ಟಿಯಾಗಿ ಉಜ್ಜು. ಎಮ್ಮೆ ಮೈ ತೊಳದಿಲ್ಲೇನು ನಿಮ್ಮೂರಾಗ?” ಉಜ್ಜಿದೆ. ಮುಚ್ಚಿದ ರೆಪ್ಪೆಯಿಂದ ನೀರು ಇಳಿಯುತ್ತಿತ್ತು. ಚೊಂಬಿನ ನೀರೂ ಇರಬಹುದು.

ಕುರ್ಚಿಯ ಮೇಲೆ ಕೂತೇ ಲಿಂಗ ಹಿಡಿಯುತ್ತಿದ್ದರು. ಪೂಜೆ ಬೇಗ ಮುಗಿಯುತ್ತಿತ್ತು. ಮೊದಲೆಲ್ಲ ನಾನು ಒಗ್ಗರಣೆ ಹಾಕಿ ಮುಗಿಸಿದರೂ ಮುಗಿಯದ ಪೂಜೆ. ಒಂದು ದಿನ ಕೇಳಿದರು, “ಬಾಗ್ಲಿಗೆ ಚಿಲಕ ಯಾವಾಗ ಹಾಕ್ಸಾದು?” ಒಳಗೆ ನಾವಿಬ್ಬರೂ ಇರುವಾಗ ಚಿಲಕ ಯಾರಿಗೆ ಅಂತ ನನಗೆ ಬಾಯಿಗೆ ಬಂದದ್ದನ್ನು ನುಂಗಿದೆ. ನಮ್ಮವರಿಗೆ ಹೇಳಿದೆ. ಅವರು ಊಟದ ತಟ್ಟೆ ಸರಿಸಿ ಎದ್ದುಹೋದರು. ಬಾಗಿಲಿನ ಹಲಗೆಯಲ್ಲಿ ಸ್ಕ್ರೂ ಕಿತ್ತ ತೂತುಗಳು ಹಾಗೇ ಉಳಿದವು.

ಆಮೇಲೆ ಅತ್ತೆಯೇ ಒಂದು ದಾರಿ ಕಂಡುಕೊಂಡರು. ಮೈಗೆಲ್ಲ ಸೋಪು ಹಚ್ಚಿ ತೊಳೆದಾದ ಮೇಲೆ ಬಕೆಟ್ಟನ್ನು ಅವರ ಕೈಗೆಟಕುವ ಹಾಗೆ ಸ್ಟೂಲಿನ ಮೇಲೆ ಇಡಿಸಿಕೊಂಡರು. “ನೀ ಹೊರಗ ಹೋಗು. ಬಾಗ್ಲಿಗೆ ಬೆನ್ನು ಕೊಟ್ಟು ನಿಂತ್ಕ. ಯಾರನ್ನೂ ಬಿಡಬ್ಯಾಡ. ಕಡೇ ನೀರು ನಾ ಹಾಕ್ಕಂತೀನಿ.” ನಾನು ಹೊರಗೆ ಬಂದು ಬಾಗಿಲು ದೂಡಿ ಅದಕ್ಕೆ ಬೆನ್ನು ಒತ್ತಿ ನಿಲ್ಲುತ್ತಿದ್ದೆ. ಮನೆಯಲ್ಲಿ ಬರುವವರು ಯಾರೂ ಇರುತ್ತಿರಲಿಲ್ಲ. ಒಳಗೆ ಚೊಂಬು ಬಕೆಟ್ಟಿಗೆ ತಾಗುವ ಸದ್ದು. ಕೈ ನಡುಗಿ ಅರ್ಧ ನೀರು ಹೊರಗೇ ಬೀಳುತ್ತಿದ್ದುದೂ ಕೇಳುತ್ತಿತ್ತು. ಆಮೇಲೆ ಮಂತ್ರದ ಹಾಗೆ ಏನೋ ಗುಣುಗುಣು. “ಆತು, ಬಾ,” ಅನ್ನುವವರೆಗೆ ನಾನು ಬಾಗಿಲು ಬಿಡುತ್ತಿರಲಿಲ್ಲ. ಆ ಬೇಸಿಗೆಯೆಲ್ಲ ಹೀಗೆ ನಡೆಯಿತು.

ಮಳೆ ಹಿಡಿದ ಮೇಲೆ ಕೆಮ್ಮು ಬಂತು. ಕುರ್ಚಿಯ ಮೇಲೆ ಕೂರುವ ಶಕ್ತಿ ಹೋಯಿತು. ಬೆನ್ನಿನ ಮೇಲೆ ಹುಣ್ಣೆದ್ದವು. ಮಂಚದ ಮೇಲೆಯೇ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದೆ. ಹರಿಹರದಲ್ಲಿ ನೋಡಿದ್ದೇ ನಮ್ಮ ಮನೆಗೂ ಬಂತು. ನಾನು ಫೋನು ಹಿಡಿಯುತ್ತಿರಲಿಲ್ಲ ಅಷ್ಟೇ. ಕಿಟಕಿ ಬಾಗಿಲು ಎಲ್ಲ ಹಾಕಿ, ಕೋಣೆಯ ಅಗುಳಿ ಹಾಕಿ, ಅದು ಅವರಿಗೆ ಕಾಣುವ ಹಾಗೆ ಸರಿದು ನಿಲ್ಲುತ್ತಿದ್ದೆ. ಆದರೆ ಅವರು ಆ ಕಡೆ ನೋಡುವುದನ್ನು ಬಿಟ್ಟಿದ್ದರು. ಗೋಡೆಯ ಕಡೆ ಮುಖ, ಕಣ್ಣು ತೆರೆದೇ. ಲಿಂಗ ಕೈಗೆ ಕೊಟ್ಟರೆ ಮುಷ್ಟಿ ಕಟ್ಟಿಕೊಂಡು ಸುಮ್ಮನಿರುತ್ತಿದ್ದರು. ನೀರು ಕೇಳುವುದಕ್ಕೆ ಪೂಜೆಯನ್ನು ಕಾಯುವುದೂ ನಿಂತಿತ್ತು. ಅದನ್ನು ಕಂಡ ದಿನ ಇನ್ನು ಹೆಚ್ಚು ದಿನವಿಲ್ಲ ಅಂತ ನನಗೆ ಗೊತ್ತಾಯಿತು.

ಒಂದು ಬೆಳಿಗ್ಗೆ ಹಾಲು ಕಾಯಿಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಲಿಂಗಪೂಜೆಗೆ ಕೂತ ಹಾಗೆ, ಕಾಲು ಮಡಚಿ, ಎಡಗೈಯಲ್ಲಿ ಲಿಂಗ ಇಟ್ಟು. ಸಮಾಧಿಗೂ ಹಾಗೇ ಕೂರಿಸಿ ಇಳಿಸುವುದು. ಮೈ ಬಿಗಿಯುವುದರೊಳಗೆ ಸ್ನಾನ ಆಗಬೇಕು. ನಾನೂ, ಸುದ್ದಿ ಕೇಳಿ ಓಡಿಬಂದ ನಾದಿನಿಯೂ, ಬೀದಿಯ ಇಬ್ಬರು ಹೆಂಗಸರೂ ಸೇರಿ ಬಚ್ಚಲಿಗೆ ಎತ್ತಿಕೊಂಡು ಹೋದೆವು. ಹೊರಗೆ ಗಂಡಸರು ಕುರ್ಚಿ ಎಳೆದಾಡುತ್ತಿದ್ದರು, ಯಾರೋ ಪೆಂಡಾಲಿನವನಿಗೆ ಫೋನು ಮಾಡುತ್ತಿದ್ದರು. ನಾನು ನಾದಿನಿಗೆ, “ನೀ ಹೊರಗ ನಿಂತು ಬಾಗ್ಲಿಗೆ ಬೆನ್ನು ಕೊಡು. ಆತು ಅನ್ನಾತನಕ ಬಿಡಬ್ಯಾಡ,” ಅಂದೆ. ಅವಳು ಅಳುತ್ತಿದ್ದವಳು ನನ್ನ ಮುಖ ನೋಡಿದಳು. ಹೋಗಿ ನಿಂತಳು.

ನಡುಮನೆಯ ಗೋಡೆಗೆ ಒರಗಿಸಿ ಕೂರಿಸುವಾಗ ಆಪರೇಷನ್ ಆದ ಕಾಲು ಮಡಚಲಿಲ್ಲ. ಬೀದಿಯ ಹಿರಿಯರೊಬ್ಬರು ಮಂಡಿಯ ಮೇಲೆ ಕೈ ಇಟ್ಟು ಒತ್ತಿದರು. ಒಳಗೆ ಏನೋ ಕಟ್ ಅಂದಿತು. ಕಾಲು ಮಡಚಿತು. ಇನ್ನು ಈ ಜನ್ಮಕ್ಕೆ ಬೇಡ ಅಂದಿದ್ದ ಚಕ್ಕಳಮಕ್ಕಳದಲ್ಲಿ ಅತ್ತೆ ನೆಲದ ಮೇಲೆ ಕೂತರು. ತಲೆ ಮಾತ್ರ ಮುಂದಕ್ಕೆ ಬೀಳುತ್ತಿತ್ತು. ತಲೆಗೂ ಗದ್ದಕ್ಕೂ ಬಿಳಿ ಬಟ್ಟೆ ಕಟ್ಟಿ ಅದರ ತುದಿಯನ್ನು ಗೋಡೆಗೆ ಬಿಗಿಯಬೇಕು.

“ಒಂದು ಗೂಟಾನೂ ಇಲ್ವಲ್ಲಪ್ಪ ಈ ಗ್ವಾಡ್ಯಾಗ,” ಹಿರಿಯರು ಮೇಲೆ ಕೆಳಗೆ ನೋಡಿದರು. “ಹಳೇ ಗಳ ಇತ್ತಲ್ಲ ಇಲ್ಲಿ?”

“ತಗಸೀವ್ರೀ,” ಅಂದರು ನಮ್ಮವರು.

“ಮೊಳೆ ಹೊಡಿಬೇಕೇನು ಹಂಗಾರೆ? ಸುತ್ತಿಗೆ ತರ್ರಿ. ಅಲ್ಲ, ಇದೇನಿದು, ಇದು ಗಟ್ಟಿ ಐತೇನು?”

ಅವರು ಕೈಯಿಟ್ಟಿದ್ದು ರಾಡಿನ ಮೇಲೆ. ಕೂತ ಅತ್ತೆಯ ತಲೆಗಿಂತ ಒಂದು ಗೇಣು ಮೇಲಿತ್ತು, ಅಳೆದು ಹಾಕಿಸಿದ ಹಾಗೆ. ನಮ್ಮವರು ಮುಖ ತಿರುಗಿಸಿಕೊಂಡರು. “ಗಟ್ಟಿ ಐತ್ರೀ,” ಅಂತ ನಾನೇ ಅಂದೆ. ಬಟ್ಟೆಯನ್ನು ರಾಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಅತ್ತೆಯ ಮುಖ ನೇರವಾಯಿತು. ಹಣೆಗೆ ವಿಭೂತಿ ಬಳಿದರು. ಊರಿನವರೆಲ್ಲ ಬಂದು ಹೋಗಿ ಸಂಜೆ ಎತ್ತುವವರೆಗೆ ಆ ರಾಡು ಅವರನ್ನು ಹಿಡಿದುಕೊಂಡಿತ್ತು.

ಭಜನೆಯವರು ಹಾಡುತ್ತಿದ್ದಾಗ ಹರಿಹರದಿಂದ ಫೋನು ಬಂತು. ಚಿಕ್ಕತ್ತೆ ಬರುವ ಹಾಗಿರಲಿಲ್ಲ.

“ಅಕ್ಕ ಕುಂತಾಳಾ?”

“ಕುಂತಾರ್ರೀ.”

“ಜಳಕ ಯಾರು ಮಾಡ್ಸಿದ್ರು?”

“ನಾನೇ ರೀ. ಬಾಗ್ಲು ಹಾಕ್ಕಂಡಿದ್ದೆ.”

“ಛಲೋ ಮಾಡ್ದೆ,” ಅಂದರು. ಹಿಂದೆ ಯಾರೋ ಅವರ ಮಂಚದ ಪರದೆ ಎಳೆದದ್ದು ಕೇಳಿಸಿತು, ಫೋನು ಕಟ್ಟಾಯಿತು.

ಅತ್ತೆಯನ್ನು ಎತ್ತುವಾಗ ಗಂಟು ಬಿಚ್ಚಲಾಗದೆ ಬಟ್ಟೆಯನ್ನು ಕತ್ತರಿಸಿದ್ದರು. ರಾಡಿನ ಮೇಲೆ ಬಿಳಿ ಗಂಟೊಂದು ಉಳಿದಿತ್ತು. ಮನೆ ತೊಳೆಯುವಾಗ ಉಗುರಿನಿಂದ ಬಿಚ್ಚಲು ನೋಡಿದೆ, ಆಗಲಿಲ್ಲ. ಕೊನೆಗೆ ಈಳಿಗೆಮಣೆಯ ಅಲಗು ಹಿಡಿದು ಕೊಯ್ದೆ.

ಈಗ ಆ ಬಚ್ಚಲು ಬಳಸುವವಳು ನಾನು. ಹಿತ್ತಲ ಬಚ್ಚಲಿಗೆ ಮೆಟ್ಟಿಲಿದೆ, ನನ್ನ ಎಡ ಮಂಡಿ ಮೆಟ್ಟಿಲು ಒಲ್ಲೆ ಅನ್ನುತ್ತಿದೆ. ನಡುಮನೆಯ ರಾಡು ಹಿಡಿದುಕೊಂಡೇ ಹೋಗುತ್ತೇನೆ. ಒಳಗಿನ ರಾಡಿನ ಮೇಲೆ ಏನೂ ಹಾಕುವುದಿಲ್ಲ. ಬಾಗಿಲಿಗೆ ಹೊಸ ಚಿಲಕ ಬಂದಿದೆ. ಪೇ‌ಟೆಗೆ ಹೋದಾಗ ನಾನೇ ತಂದೆ, ಹಳೆಯ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ನಾನೇ ಸ್ಕ್ರೂ ತಿರುಗಿಸಿದೆ. ಡಾಕ್ಟರು ಹೇಳಿದ್ದು ನನಗೆ ನೆನಪಿಲ್ಲ ಅಂತಲ್ಲ.

ಚಿಲಕ ಜಗ್ಗಿ ನೀರು ಹಾಕಿಕೊಳ್ಳುವಾಗ ನಮ್ಮವರು ಹೊರಗಿನಿಂದ ಕೂಗುತ್ತಾರೆ, ದಿನಾ.

“ಚಿಲಕ ಹಾಕ್ಕಂಡೀಯೇನು?”

“ಇಲ್ಲ,” ಅನ್ನುತ್ತೇನೆ.